ಕೊನೆಯ ಸಾಲಿನ ಕುರ್ಚಿ ತೆಗೆಸಿದವರಿಗೆ

ನಾಟಕಶಾಲೆಯ ಮಾನ್ಯ ನಿರ್ದೇಶಕರೇ,

ನಿಮ್ಮ ರಂಗಮಂದಿರದ ಕೊನೆಯ ಸಾಲಿನ ನಡುವೆ ಒಂದು ಮರದ ಕುರ್ಚಿ ಇತ್ತು. ಅಧಿಕಾರ ವಹಿಸಿಕೊಂಡ ವಾರವೇ ಅದನ್ನು ತೆಗೆಸಿ, ಮೊದಲ ಸಾಲಿನಲ್ಲಿ ಸೋಫಾ ಹಾಕಿಸಿದಿರಿ. ಸೋಫಾದ ಬಗ್ಗೆ ನನಗೆ ತಕರಾರಿಲ್ಲ. ಸೊಂಟ ಎಲ್ಲರಿಗೂ ಇದೆ. ನನ್ನ ದೂರು ಆ ಕುರ್ಚಿಯದು. ಅದು ವಾಪಸ್ ಬರಬೇಕು, ಅದರಲ್ಲಿ ನೀವೇ ಕೂರಬೇಕು. ಇದನ್ನೇ ವಿನಯದಿಂದ ಬರೆದು ಕಳಿಸಿದಾಗ ನಿಮ್ಮ ಕಚೇರಿ ಶಾಲೆಯ ಬಣ್ಣದ ಕ್ಯಾಲೆಂಡರ್ ಕಳಿಸಿಕೊಟ್ಟಿತು. ಹಾಗಾಗಿ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಆ ಕುರ್ಚಿಯ ಮಹಿಮೆ ಗೊತ್ತಿಲ್ಲದವರಿಗೆ ಒಂದು ಮಾತು. ನಿಮಗಿಂತ ಹಿಂದೆ ಶಾಲೆ ನಡೆಸಿದ ನಿರ್ದೇಶಕಿಯನ್ನು ವಿದ್ಯಾರ್ಥಿಗಳು ‘ಕೈ ಮೇಡಂ’ ಎನ್ನುತ್ತಿದ್ದರು. ತಾಲೀಮಾಗಲಿ, ಪ್ರದರ್ಶನವಾಗಲಿ, ಅವರ ಜಾಗ ಅದೇ. ರಂಗದ ಮೇಲಿನ ಮಾತು ಅಲ್ಲಿಗೆ ಮುಟ್ಟದಿದ್ದರೆ ಸದ್ದಿಲ್ಲದೆ ಕೈ ಎತ್ತುತ್ತಿದ್ದರು. ಕೈ ಕಂಡ ನಟ ಆ ಮಾತನ್ನು ಮೊದಲಿನಿಂದ ಹೇಳಬೇಕು, ಸಭೆಯಲ್ಲಿ ಎಂಥ ದೊಡ್ಡವರಿದ್ದರೂ ಸರಿ. ಒಬ್ಬ ರಾಜ ತನ್ನ ಕೊನೆಯ ಮಾತನ್ನು ಮೂರು ಸಲ ಹೇಳಿ ಮೂರು ಸಲ ಸತ್ತದ್ದನ್ನು ನಾನೇ ನೋಡಿದ್ದೇನೆ. ಜನ ನಕ್ಕರು. ಆಮೇಲೆ ಆ ಹುಡುಗ ಯಾವ ನಾಟಕದಲ್ಲೂ ಪಿಸುಗುಟ್ಟಿ ಸಾಯಲಿಲ್ಲ.

ನೀವು ಬಂದಿರಿ, ಎಲ್ಲರ ಕೊರಳಿಗೂ ಮೈಕು ಬಂತು. “ಈ ಕಾಲದಲ್ಲೂ ಗಂಟಲು ಹರ್ಕೋಬೇಕಾ?” ಎಂದು ಕೇಳಿ ಧ್ವನಿಪಾಠದ ತರಗತಿ ನಿಲ್ಲಿಸಿದಿರಿ. ಕನಿಕರದ ಪ್ರಶ್ನೆಯೇ. ಆದರೆ ನಿಮ್ಮ ಕನಿಕರದ ಹಳೆಯ ಪರಿಚಯ ನನಗಿದೆ.

ಸಚಿವಾಲಯದಿಂದ ಬಾನುಲಿ ನಿಲಯಕ್ಕೆ, ನಿಲಯದಿಂದ ಈ ಕಲಾಲಯಕ್ಕೆ: ನಿಮ್ಮ ಪಯಣಕ್ಕೆ ಪ್ರಾಸ ತಾನಾಗಿಯೇ ಕೂಡಿಬರುತ್ತದೆ. (ಪ್ರಾಸ ನನ್ನ ಚಟ. ತಾಯ್ನುಡಿಯಲ್ಲೇ ಪದವಿ ಮುಗಿಸಿದವನಿಗೆ ಇದಕ್ಕಿಂತ ದುಬಾರಿ ಚಟ ಕೈಗೆಟುಕಲಿಲ್ಲ.) ನೀರು ಸರಬರಾಜಿನ ಸಚಿವರಾಗಿದ್ದಾಗ ಕುಂದುಕೊರತೆ ಸಭೆಯಲ್ಲಿ ಹಿಂದಿನ ಸಾಲಿನವರು ಎದ್ದು ನಿಂತು ನಲ್ಲಿ ಒಣಗಿದೆ ಎಂದರು. ನೀವು ಇನ್ನೆರಡು ಧ್ವನಿವರ್ಧಕ ತರಿಸಿ ಅವರ ಕಡೆಗೆ ತಿರುಗಿಸಿದಿರಿ. ಆಮೇಲೆ ನಿಮ್ಮ ಮಾತು ಅವರಿಗೆ ಚೆನ್ನಾಗಿ ಕೇಳಿಸಿತು. ಅವರ ಮಾತು ಪಕ್ಕದವರಿಗೂ ಕೇಳಿಸಲಿಲ್ಲ.

ಅಲ್ಲಿಂದ ನಮ್ಮ ಬಾನುಲಿಗೆ ಮುಖ್ಯಸ್ಥರಾಗಿ ಬಂದಿರಿ. ನಾನು ಅಲ್ಲಿ ಉದ್ಘೋಷಕ. ನೀವು ನೆನಪಿಟ್ಟಿರಲಾರಿರಿ, ನಾವು ಲಿಫ್ಟಿನಲ್ಲಿ ಮಾತ್ರ ಭೇಟಿಯಾದವರು. ಕೇಳುಗರು ಫೋನ್ ಮಾಡಿ ನಮ್ಮ ತಪ್ಪು ಹೇಳುವ ಕಾರ್ಯಕ್ರಮ ಒಂದಿತ್ತು. ನೀವು ಅದನ್ನು ನಿಲ್ಲಿಸಿ, ಅದೇ ಫೋನಿಗೆ ‘ನಿಮ್ಮ ಮೆಚ್ಚುಗೆಗೆ ವಂದನೆಗಳು’ ಎಂಬ ಧ್ವನಿಮುದ್ರಣ ಜೋಡಿಸಿದಿರಿ. ಒಂದು ಸಂಜೆ ಅರ್ಧ ಊರಿಗೆ ನಮ್ಮ ಪ್ರಸಾರವೇ ನಿಂತುಹೋಯಿತು. ಜನ ಫೋನ್ ಮಾಡಿದರು. ರೇಡಿಯೋ ಸತ್ತಿದೆ ಎಂದು ತಿಳಿಸಲು ಹೊರಟ ಒಬ್ಬೊಬ್ಬರಿಗೂ ಮೆಚ್ಚುಗೆಗಾಗಿ ವಂದನೆ ಸಂದಿತು. ಆ ಮಧುರ ದನಿ ನನ್ನದು. ಈಗಲೂ ಮನೆಯಲ್ಲಿ ಸಾರಿಗೆ ಉಪ್ಪು ಸಾಲದು ಎಂದರೆ ಅಕ್ಕ ಅದೇ ದನಿಯಲ್ಲಿ ನನಗೆ ವಂದನೆ ಹೇಳುತ್ತಾಳೆ.

ಮೂರು ಕಡೆ, ಮೂರು ಖಾತೆ. ಮೂರರಲ್ಲೂ ನೀವು ಮೊದಲು ಎಬ್ಬಿಸಿ ಕಳಿಸಿದ್ದು ‘ಇಲ್ಲಿಗೆ ಮುಟ್ಟಲಿಲ್ಲ’ ಎನ್ನುವವರನ್ನು. ಇದು ಕಾಕತಾಳೀಯವೇ? ಅಥವಾ ನಿಮ್ಮನ್ನು ನೇಮಿಸುವವರು ಇದನ್ನೇ ಅನುಭವ ಎಂದು ಕರೆಯುತ್ತಾರೆಯೇ?

ಇನ್ನು ಕಳೆದ ತಿಂಗಳ ಪ್ರದರ್ಶನಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರಬೇಕು. ಅಕ್ಕನ ಮಗಳು ನಿಮ್ಮಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿ. ನಾಟಕದಲ್ಲಿ ಊರಿಗೆ ನೆರೆ ಬಂದಿದೆ. ದಡದಲ್ಲಿ ನಿಂತ ಹೆಂಗಸಾಗಿ ಅವಳು ಆಚೆ ದಡದ ಅಂಬಿಗನನ್ನು ಕರೆಯಬೇಕು: “ದೋಣಿ ತಾರಪ್ಪಾ, ಈ ಕಡೆ ಇನ್ನೂ ಜನ ಇದ್ದೀವಿ.” ಇಡೀ ನಾಟಕ ನಿಂತಿರುವುದು ಆ ಕೂಗಿನ ಮೇಲೆ. ಅವಳು ಬಾಯಿ ತೆರೆದಳು. ತುಟಿ ಆಡಿತು, ಮಾತು ಬರಲಿಲ್ಲ. ಕೊರಳ ಮೈಕು ಕೈಕೊಟ್ಟಿತ್ತು.

ಅಕ್ಕನೂ ನಾನೂ ಕೊನೆಯ ಸಾಲಿನಲ್ಲಿದ್ದೆವು. “ಮೈಕ್ ಹೋಯ್ತು,” ಎಂದೆ.

“ಸುಮ್ನಿರೋ,” ಎಂದಳು ಅಕ್ಕ. “ಏನೋ ಮಾಡ್ತಾಳೆ, ನೋಡು.”

ಸುಮ್ಮನಿರಲು ನನ್ನಿಂದ ಆಗಲಿಲ್ಲ. ಬಾನುಲಿಯವರಿಗೆ ಮೌನವೆಂದರೆ ಮೈಮೇಲೆ ಚೇಳು ಹರಿದಂತೆ. ಪ್ರಸಾರದ ನಡುವೆ ಸದ್ದು ನಿಂತರೆ ಏನನ್ನಾದರೂ ತುಂಬಲೇಬೇಕು: ಒಂದು ಹಾಡು, ಹವಾಮಾನ, ಏನೂ ಸಿಗದಿದ್ದರೆ ಸಮಯ. ಇಪ್ಪತ್ತು ವರ್ಷ ಅದೇ ಅಭ್ಯಾಸ. ನನ್ನ ಕೈಗಳು ತಾವೇ ಚಪ್ಪಾಳೆ ತಟ್ಟಿದವು. ಪಕ್ಕದವರು ತಟ್ಟಿದರು, ಅವರ ಮುಂದಿನವರು ತಟ್ಟಿದರು, ಕೊನೆಗೆ ನೀವು ಸೋಫಾದಿಂದ ಎದ್ದು ನಿಂತು ತಟ್ಟಿದಿರಿ. ಮೈಕು ಬದಲಾಯಿತು. ಆ ಮಾತು ಮತ್ತೆ, ಸ್ಪಷ್ಟವಾಗಿ, ಎಲ್ಲ ಮೂಲೆಗೂ ಕೇಳಿಸಿತು. ನಿಲ್ದಾಣದಲ್ಲಿ ರೈಲು ಬರುವ ಸಮಯ ಸಾರಿದ ಹಾಗೆ. ಕೊನೆಯಲ್ಲಿ ನೀವು “ಯಂತ್ರ ಕೈಕೊಟ್ಟರೂ ಪ್ರೇಕ್ಷಕರು ಕೈಬಿಡಲಿಲ್ಲ” ಎಂದಿರಿ. ಪ್ರಾಸ ಚೆನ್ನಾಗಿತ್ತು. ಚೆನ್ನಾಗಿದೆ ಎನಿಸಿದ್ದಕ್ಕೂ ಈಗ ನಾಚಿಕೆಯಾಗುತ್ತದೆ.

ಮನೆಗೆ ಬಂದ ಹುಡುಗಿ ಮುಖದ ಬಣ್ಣ ತೆಗೆಯದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

“ಮಾಮ, ಮೈಕ್ ಹೋಗಿದ್ದು ನಂಗೆ ಗೊತ್ತಾಯ್ತು. ಉಸಿರು ಎಳ್ಕೊಂಡು ಕೂಗ್ದೆ. ಕೈ ಮೇಡಂ ಇದ್ದಾಗ ಕಲ್ತಿದ್ದೆಲ್ಲಾ ಹಾಕಿ ಕೂಗ್ದೆ. ಅಷ್ಟರಲ್ಲಿ ಹಿಂದಿಂದ ಯಾರೋ ಚಪ್ಪಾಳೆ ಶುರು ಮಾಡಿದ್ರು. ಯಾರು ಅಂತ ಕಾಣ್ಲಿಲ್ಲ.”

“ನಿನ್ ಮಾಮನ್ನೇ ಕೇಳು,” ಎಂದಳು ಅಕ್ಕ. “ಕೈ ಇನ್ನೂ ಕೆಂಪಗಿದೆ.”

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಹೋಗ್ಲಿ ಬಿಡು ಮಾಮ. ನಾನು ನಟಿ ಅಲ್ಲ, ಮೈಕ್ ಸ್ಟ್ಯಾಂಡು. ಅದಕ್ಕೆ ಯಾರಾದ್ರೂ ಆಗತ್ತೆ.” ಮಾರನೆಯ ದಿನದಿಂದ ಅವಳು ತಾಲೀಮಿಗೆ ಹೋಗಿಲ್ಲ. ಪದವಿಗಾಗಿ ಅದೇ ನಾಟಕವನ್ನು ಈ ತಿಂಗಳ ಕೊನೆಗೆ ಪರೀಕ್ಷಕರ ಮುಂದೆ ಆಡಬೇಕು. ಹೋಗದಿದ್ದರೆ ಮೂರು ವರ್ಷ ಕಲಿತದ್ದು ನೀರುಪಾಲು.

ನೀವು ಕುರ್ಚಿ ತೆಗೆಸಿದಿರಿ, ನಿಜ. ಆದರೆ ಅದು ಖಾಲಿ ಬಿಟ್ಟ ಜಾಗದ ಪಕ್ಕದಲ್ಲೇ ಕೂತಿದ್ದವನು ನಾನು. ಆ ಹೊತ್ತಿಗೆ ಅಲ್ಲಿಂದ ಏಳಬೇಕಿದ್ದದ್ದು ಒಂದೇ ಒಂದು ಕೈ. ನಾನು ಎರಡನ್ನೂ ಎತ್ತಿದೆ, ಅವಳ ದನಿಯನ್ನು ಮುಚ್ಚಲು. ನಿಮ್ಮಂಥವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡ್ತಿ ಪಡೆಯುತ್ತಾ ಹೋಗುವುದು ನನ್ನಂಥವರ ಅಂಗೈ ಬಲದಿಂದಲೇ ಅಲ್ಲವೇ?

ನಿನ್ನೆಯೂ ಅವಳು ಅದೇ ಮಾತು ಹೇಳಿದಳು: “ಕುರ್ಚಿ ವಾಪಸ್ ಬರ್ಲಿ, ಹೋಗ್ತೀನಿ. ಕೇಳಿಸ್ತಿಲ್ಲ ಅನ್ನೋಕೆ ಅಲ್ಲಿ ಒಬ್ರು ಬೇಕು ಮಾಮ. ಇಲ್ದಿದ್ರೆ ಯಾರಿಗೆ ಅಂತ ಕೂಗ್ಲಿ?”

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪರೀಕ್ಷೆಯ ದಿನ ಮೈಕುಗಳು ಪೆಟ್ಟಿಗೆಯಲ್ಲಿರಲಿ. ನೀವು ಕೊನೆಯ ಸಾಲಿಗೆ ಬನ್ನಿ, ಕೇಳಿಸದಿದ್ದರೆ ಕೈ ಎತ್ತಿ. ಅದು ನಿಮ್ಮ ಘನತೆಗೆ ಒಗ್ಗದಿದ್ದರೆ ಕುರ್ಚಿಯನ್ನಾದರೂ ಇಡಿಸಿ, ನಾನು ಕೂರುತ್ತೇನೆ. ಅದೂ ಆಗದಿದ್ದರೆ ನಮ್ಮ ಅಡುಗೆಮನೆಯ ಕುರ್ಚಿಯನ್ನು ಹೊತ್ತು ತರುತ್ತೇನೆ, ಬಾಗಿಲಲ್ಲಿ ತಡೆಯಬೇಡಿ. ಅವಳ ಕೂಗು ಮುಟ್ಟುವವರೆಗೆ ನನ್ನ ಬಲಗೈ ಮೇಲಿರುತ್ತದೆ. ಎಡಗೈಯನ್ನು ಹಿಡಿದುಕೊಳ್ಳಲು ಅಕ್ಕ ಪಕ್ಕದಲ್ಲೇ ಕೂರುತ್ತಾಳೆ.

ಇಂತಿ,
ಕೊನೆಯ ಸಾಲಿನಲ್ಲಿ ಕೂತು, ಏನೂ ಕೇಳಿಸದೆಯೂ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು