ಬೂದೆಮ್ಮನ ಉಡಿ

ಹಿರೇಬಾವಿ, ದೇವದುರ್ಗ ರಸ್ತೆ
ಸೋಮವಾರ, 10 ಫೆಬ್ರುವರಿ 2025

ಮನೆಯ ಯಜಮಾನರಿಗೆ,

ಹಿರೇಬಾವಿ ಪುರಸಭೆ ಅಧ್ಯಕ್ಷರ ಹೆಂಡತಿ, ಮಾನ್ವಿಯ ಅಕ್ಕಿ ಗಿರಣಿಯವರ ಹಿರಿಮಗಳು, ಈ ಊರಲ್ಲಿ ಯಾರ ಮುಂದೂ ತಲೆ ತಗ್ಗಿಸದ ಬಸವಂತಮ್ಮ ಬರೆಯುವುದು. ಇಷ್ಟು ಬಿಂಕ ಏಕೆಂದು ನಗಬೇಡಿ. ಪತ್ರ ಮುಗಿಯುವಷ್ಟರಲ್ಲಿ ಅದು ಉಳಿದಿರುತ್ತದೋ ಇಲ್ಲವೋ. ತೊಡೆಯ ಮೂಳೆ ಹೇಗಿದೆ? ರಾಯಚೂರಿನ ಡಾಕ್ಟರು ಕೋಲು ಕೊಟ್ಟು ನಡೆಸುತ್ತಿದ್ದಾರೆಂದು ಶಿವರಾಜ ಹೇಳಿದ. ಮಗ ಪಕ್ಕದಲ್ಲಿದ್ದಾನೆಂದು ಅವನ ಮೇಲೆ ಕೂಗಾಡಬೇಡಿ. ಆಸ್ಪತ್ರೆಯ ಊಟ ನಿಮಗೆ ಸೇರುವುದಿಲ್ಲ, ಅದಕ್ಕೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದೇನೆ. ನಮ್ಮ ಡ್ರೈವರ್ ಮುಕರ್ರಂ ಪತ್ರದ ಜೊತೆ ತರುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ನಿಮ್ಮ ದನಿ ಏರಿತೆಂದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ.

ನೀವಿಲ್ಲದೆ ಮನೆ ಮುಂದಿನ ಕಟ್ಟೆ ಬಿಕೋ ಎನ್ನುತ್ತಿದೆ. ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಊರ ದೂರು ಕೇಳುತ್ತಿದ್ದವರು ನೀವು. ನಮ್ಮ ಮದುವೆಯ ಹೊಸದರಲ್ಲಿ ಊರ ಬಾವಿಯ ಹೂಳು ತೆಗೆಯಲು ನೀವೇ ಇಳಿದು ಮೇಲೆ ಬಂದಾಗ, ಗುರುತು ಸಿಗದೆ ನಿಮ್ಮವ್ವ 'ಯಾರಪ್ಪಾ ನೀ?' ಎಂದಿದ್ದರು. ಅದೇ ವರ್ಷ ಜನ ನಿಮ್ಮನ್ನು ಆರಿಸಿದರು. ಆಮೇಲೆ ಮೀಸಲಾತಿಯಲ್ಲಿ ಕುರ್ಚಿ ಬೇರೆಯವರಿಗೆ ಹೋದಾಗಲೂ ಊರು ಅಧ್ಯಕ್ಷರೆಂದು ಕರೆದದ್ದು ನಿಮ್ಮನ್ನೇ. ಬಸ್ ನಿಲ್ದಾಣ, ಸಂತೆ ಕಟ್ಟೆ, ಓಣಿ ಓಣಿಗೆ ನಳ ಎಲ್ಲ ನಿಮ್ಮ ಕಾಲದ್ದು. ಅದರಲ್ಲಿ ನನ್ನ ಪಾಲೂ ಇದೆ ಎಂದು ನಾನು ಬೀಗಿದವಳೇ. ಪ್ರತಿ ಚುನಾವಣೆಗೆ ಮುಂಚೆ ಮಾನ್ವಿಯಿಂದ ಕುಬಸದ ಬಟ್ಟೆಯ ಕಣ ತರಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹೊರಿಸಿಕೊಂಡು ಹೋಗಿ, ನಮ್ಮ ವಾರ್ಡಿನ ಹೆಣ್ಣುಮಕ್ಕಳ ಉಡಿ ತುಂಬಿ, 'ಇನ್ನ ಮ್ಯಾಲ ನಮ್ಮನಿ ನಿನ್ನ ತವರಮನಿ' ಎಂದು ಹೇಳಿ ಬರುತ್ತಿದ್ದೆ. ಉಡಿ ತುಂಬಿಸಿಕೊಂಡವಳು ತವರಿಗೆ ಎರಡು ಬಗೆಯುವುದಿಲ್ಲ. ನಾವೆಂದೂ ಸೋಲಲಿಲ್ಲ.

ಈ ಸಲ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಸೊಸೆ ಸುನಂದಾಳನ್ನು ನಿಲ್ಲಿಸಿ, ಚುನಾವಣೆಯನ್ನು ನನ್ನ ಕೈಗೆ ಒಪ್ಪಿಸಿ ನೀವು ಆಸ್ಪತ್ರೆ ಸೇರಿದಿರಿ. ಅವಳ ಎದುರು ನಿಂತವಳು ಕೆಳಗಿನ ಓಣಿಯ ಬೂದೆಮ್ಮ. ಇವತ್ತು ಮುಂಜಾನೆ ಆಕೆ ನೆಟ್ಟಗೆ ನಮ್ಮ ಮನೆಗೇ ಬಂದಳು. ನಿಮ್ಮ ಬಲಗೈ ವಿರೂಪಣ್ಣ ಸುಮ್ಮನಿರುತ್ತಾನೆಯೇ? 'ಏನಬೇ, ಹುಲಿ ಗವಿಗೇ ಬಂದಿ?' ಎಂದ. 'ಹುಲಿ ರಾಯಚೂರಾಗ ಕಾಲು ಕಟಗೊಂಡು ಮಲಗೇದ ಬಿಡೋ ಯಣ್ಣಾ' ಎಂದಳು. ತಪ್ಪು ತಿಳಿಯಬೇಡಿ, ನನಗೂ ನಗು ಬಂತು. ಆಮೇಲೆ ನನ್ನ ಮುಂದೆ ಸೆರಗೊಡ್ಡಿದಳು. 'ಯವ್ವಾ, ದೇವದುರ್ಗದ ತವರಾಗ ನಂಗ ಯಾರೂ ಉಳದಿಲ್ಲ. ನಿನ್ನ ತವರಮನಿ ಇದ ಅಂತ ನೀವ ಅಂದೀರಿ. ಈ ನಿಮ್ಮ ಮಗಳು ಎಲೆಕ್ಷನ್‌ಗೆ ನಿಂತಾಳ. ಓಟು ಬ್ಯಾಡ, ಉಡಿ ತುಂಬಿ ಕಳಸ್ರಿ.'

'ತವರಿನ ಎದುರ ನಿಲ್ಲಾಕ ನಾಚಿಕಿ ಆಗಂಗಿಲ್ಲೇನ?' ಎಂದು ಗದರಿದೆ. ಅವಳು ದನಿ ಏರಿಸಲಿಲ್ಲ. 'ಯಪ್ಪಾರು ಎಲ್ಲಾ ಓಣಿಗೂ ನಳ ಕೊಟ್ರು. ನಮ್ಮ ಓಣಿಗೆ ನೀವು ಉಡಿ ಕೊಟ್ರಿ' ಎಂದಳು.

ಅವಳಂದದ್ದು ನಿಜ. ಸಿಟ್ಟಾಗಿ ತಿರುಗಿಬೀಳುವ ಓಣಿಗಳಿಗೆ ನೀವು ನಳ ಹಾಕಿಸಿದಿರಿ. ನನ್ನ ಉಡಿಯಿಂದ ಓಟು ಗಟ್ಟಿಯಾಗಿದ್ದ ಓಣಿ ಕಾಯುತ್ತಲೇ ಉಳಿಯಿತು. ಅಲ್ಲಿಯ ಹೆಣ್ಣುಮಕ್ಕಳು ಇಂದಿಗೂ ಬಸ್ ನಿಲ್ದಾಣದ ನಳದಿಂದ ಕೊಡ ಹೊರುತ್ತಾರೆ. ನಮ್ಮ ಕಟ್ಟೆಯ ಮುಂದೆಯೇ ಹಾದು ಹೋಗುತ್ತಾರೆ. ನಾನು ನೋಡಿಯೂ ಇದ್ದೆ.

ಗುಳಿಗೆ ತಪ್ಪಿಸಬೇಡಿ. ಶಿವರಾಜನಿಗೆ ನನ್ನ ಆಶೀರ್ವಾದ ಹೇಳಿ. ಬಸವಣ್ಣ ನಿಮ್ಮ ಕಾಲಿಗೆ ಬಲ ಕೊಡಲಿ.

ನಿಮ್ಮ ಪಾದಕ್ಕೆ ಶರಣು,
ಬಸವಂತಮ್ಮ

ತಾ.ಕ.: ಹೊತ್ತಾಯಿತೆಂದು ಮುಕರ್ರಂ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಸಂಜೆಯ ತನಕ ನಿಮಗೆ ಫೋನು ಮಾಡಬಾರದೆಂದು ವಿರೂಪಣ್ಣನಿಂದ ಭಾಷೆ ತೆಗೆದುಕೊಂಡಿದ್ದೇನೆ, ನನ್ನಿಂದಲೇ ಕೇಳಿ. 'ಹಿತ್ತಲಾಗ ತುಂಬಿ ಕಳಸ್ರಿ ಅಮ್ಮಾರ, ಯಾರಿಗೂ ಗೊತ್ತಾಗಂಗಿಲ್ಲ' ಎಂದ ಅವನು. ಯಾವ ಮಗಳ ಉಡಿಯನ್ನೂ ನಾನು ಹಿತ್ತಲಲ್ಲಿ ತುಂಬಿದವಳಲ್ಲ. ಸುನಂದಾ ಗೆದ್ದ ದಿನಕ್ಕೆಂದು ಇಟ್ಟಿದ್ದ ಹಸಿರು ಕುಬಸದ ಕಣವನ್ನೇ ತೆಗೆದೆ. ಅಕ್ಕಿಯ ಮೊರ ಹಿಡಿದು ನಿಂತವಳೂ ಸುನಂದಾಳೇ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳನ್ನು ಬೈಯಬೇಡಿ, ಹೇಳಿದವಳು ನಾನು. ತವರೇ ಹರಸಿದ ಮೇಲೆ ಇನ್ನು ನಮಗೇ ಓಟು ಹಾಕಬೇಕೆಂಬ ಹಂಗು ಆ ಓಣಿಯಲ್ಲಿ ಯಾರಿಗೂ ಉಳಿದಿಲ್ಲ. ವಾರ್ಡು ಹೋಯಿತೆಂದೇ ತಿಳಿಯಿರಿ. ನೀವು ಆಸ್ಪತ್ರೆಯಲ್ಲಿರುವಾಗ ಹೀಗೆ ಮಾಡಿದೆನಲ್ಲ ಎಂಬುದು ಚುಚ್ಚುತ್ತಿದೆ. ತಲೆಬಾಗಿಲ ಹೊಸ್ತಿಲಲ್ಲಿ, ಓಣಿಯೆಲ್ಲ ನೋಡುತ್ತಿರುವಾಗ, ಬೂದೆಮ್ಮನ ಉಡಿ ತುಂಬಿ ಕಳಿಸಿದೆ.