ಶುಕ್ರವಾರದ ಬಿಳಿ ಟೋಪಿ

ಪ್ರೀತಿಯ ಮೋನಾಕ,

ಗುರುವಾರ ಸಂಜೆ ಆಫೀಸಿನ ಕಿಟಕಿಯ ಎದುರು ಸಾಲಾಗಿ ನಿಂತು ಮರುದಿನದ ರಜೆ ಚೀಟಿಗೆ ಸಹಿ ಹಾಕುತ್ತಿದ್ದೆವಲ್ಲ, ನೆನಪಿದೆಯಾ? ಬೆಳಗಾದರೆ ಎಂದಿನಂತೆ ಕಂಪನಿಯ ವ್ಯಾನು ಬಂದು ನಮ್ಮನ್ನು ಮೀನಾ ಸಲ್ಮಾನ್ ಬಂದರಿನ ಗೋದಾಮಿಗೆ ಕರೆದೊಯ್ಯುತ್ತಿತ್ತು. ಅಕ್ಕಿ ಮೂಟೆ ಹೊತ್ತು ನೀವು ನಗುತ್ತಿದ್ದಿರಿ. "ಸುಂದರಾ, ಕಾಗದದಲ್ಲಿ ನಾನೀಗ ರೂಮಲ್ಲಿ ಮಲಗಿದ್ದೇನೆ ಮಾರಾಯ. ಎಬ್ಬಿಸ್ಬೇಡ."

ಮೂಟೆಗಳ ಅಟ್ಟಿಯಿಂದ ನೀವು ಬಿದ್ದು ತೀರಿಹೋದದ್ದೂ ಒಂದು ಶುಕ್ರವಾರವೇ. ಪರಿಹಾರದ ಕೇಸು ನಡೆದಾಗ ಕಂಪನಿಯವರು ನಿಮ್ಮ ಸಹಿಯ ಚೀಟಿಯನ್ನು ಕೋರ್ಟಿಗೆ ಕೊಟ್ಟರು. ಆ ದಿನ ನಿಮಗೆ ರಜೆಯಂತೆ, ಕೆಲಸವಿಲ್ಲದೆ ಸುಮ್ಮನೆ ಒಳಗೆ ಬಂದಿದ್ದಿರಂತೆ. ಊರಿನಿಂದ ನಿಮ್ಮ ಹೆಂಡತಿ ಮೈಮೂನಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ಅವ್ರು ಕೆಲಸದಲ್ಲಿ ಇರ್ಲಿಲ್ವಾ ಸುಂದರ? ಇಲ್ಲಿ ಜನ ಏನೇನೋ ಹೇಳ್ತಾರೆ." ಅಂದಿನಿಂದ ನನ್ನ ಕನಸಿನಲ್ಲಿ ಇಬ್ಬರು ಮೋನಾಕ. ಒಬ್ಬರು ಮಂಚದಲ್ಲಿ ಮುಸುಕು ಹೊದ್ದು ಮಲಗಿದವರು. ಇನ್ನೊಬ್ಬರು ಅಕ್ಕಿಯ ಧೂಳು ತೇಲುವ ಬಿಸಿಲಿನಲ್ಲಿ ಮೂಟೆ ಹೊತ್ತು ಮೇಲೆ, ಇನ್ನೂ ಮೇಲೆ ಹತ್ತುವವರು. ಯಾರನ್ನು ಕೂಗಲಿ ನಾನು...

"ಬಾಯಿ ಯಾರಿಗೆ ಬಾಡಿಗೆಗೆ ಕೊಟ್ಟಿದ್ದಿ ಮಾರಾಯ?" ಎಂದು ಮಾತು ಕಡಿಮೆಯ ನನ್ನನ್ನು ಕೆಣಕುತ್ತಿದ್ದಿರಲ್ಲ, ಅದೇ ಬಾಯಿ ಹೊತ್ತು ಸಾಕ್ಷಿ ಹೇಳಲು ಹೋದೆ. ಐದನೇ ಕ್ಲಾಸಿನ ಕನ್ನಡದಲ್ಲಿ ಎಲ್ಲವನ್ನೂ ಬರೆದು ಕಿಸೆಯಲ್ಲಿಟ್ಟಿದ್ದೆ. ನ್ಯಾಯಾಧೀಶರು ಅದನ್ನು ಮುಟ್ಟಲಿಲ್ಲ. ಅವರ ಅರಬಿ ಮಾತನ್ನು ದುಭಾಷಿ ನನಗೆ ಹಿಂದಿಯಲ್ಲಿ ತಿಳಿಸಿದ, ಬರೆದದ್ದು ಬೇಡವಂತೆ, ಕಾಗದಕ್ಕೆ ಪ್ರಶ್ನೆ ಕೇಳಲು ಆಗುವುದಿಲ್ಲವಂತೆ, ಕಂಡದ್ದನ್ನು ಹೇಳಬೇಕಂತೆ.

ಕಂಪನಿಯ ವಕೀಲರು ಚೀಟಿ ಎತ್ತಿ ಹಿಡಿದರು. ಸಹಿ ಅವನದೇ ತಾನೆ? ಇಲ್ಲ ಎಂದು ಹೇಗೆ ಹೇಳಲಿ? ಹೌದು ಎಂದೆ. ಅದು ಹಿಂದಿನ ಸಂಜೆಯೇ ಹಾಕಿಸುವ ಸಹಿ ಎಂದೂ ಹೇಳಿದೆ. ಕೆಲಸಕ್ಕೇ ಬಂದಿದ್ದ ಎಂದು ನಿನಗೆ ಹೇಗೆ ಗೊತ್ತು ಎಂದು ನ್ಯಾಯಾಧೀಶರು ಕೇಳಿದರು. ಆಗ ನಿಮ್ಮ ಟೋಪಿ ಕಣ್ಣ ಮುಂದೆ ಬಂತು ಮೋನಾಕ. ಕೆಲಸ ಮುಗಿಸಿ ನೇರ ಜುಮ್ಮಾ ನಮಾಜಿಗೆ ಹೋಗಲೆಂದು ತರುತ್ತಿದ್ದ ಬಿಳಿ ಟೋಪಿ. ಆ ಬೆಳಿಗ್ಗೆಯೂ ಅದನ್ನು ಧೂಳು ತಾಗದಂತೆ ಕರವಸ್ತ್ರದಲ್ಲಿ ಕಟ್ಟಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಆಮೇಲೆಯೇ ನೀವು ಮೊದಲ ಮೂಟೆಗೆ ಕೈ ಹಚ್ಚಿದ್ದು. ಅದನ್ನೇ ಹೇಳಿದೆ.

ಹೊರಗೆ ಕಾಯುತ್ತಿದ್ದ, ಗೋದಾಮಿನ ಗೇಟಿನ ಕಾವಲುಗಾರ ಗುಲ್ ಖಾನನನ್ನು ಆಮೇಲೆ ಕರೆದರು. ನನ್ನ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅವನೂ ವ್ಯಾನು ಎಂದ, ಮೂಟೆ ಎಂದ. ಕೊನೆಗೆ ತಲೆ ತಗ್ಗಿಸಿ, ಆಂಬುಲೆನ್ಸ್ ಹೋದ ಮೇಲೆ ಮೊಳೆಯಿಂದ ಟೋಪಿ ತೆಗೆದವನು ತಾನೇ ಎಂದ. ನ್ಯಾಯಾಧೀಶರು ಚೀಟಿಯನ್ನು ಇನ್ನೊಮ್ಮೆ ನೋಡಿ ಪಕ್ಕಕ್ಕಿಟ್ಟರು.

ನಿನ್ನೆ ತೀರ್ಪು ಬಂತು. ಹಿಂದಿನ ಸಂಜೆಯ ಕಾಗದಕ್ಕಿಂತ ಆ ಬೆಳಿಗ್ಗೆ ಕಂಡವರ ಮಾತನ್ನು ಕೋರ್ಟು ನಂಬಿತು. ರೂಮಿಗೆ ಬಂದು, ಕಾರ್ಡ್ ಹಾಕಿ ಮೈಮೂನಕ್ಕನಿಗೆ ಫೋನ್ ಮಾಡಿದೆ.

"ಕೇಳ್ತಾ ಇಲ್ಲ ಸುಂದರ, ಗಟ್ಟಿ ಹೇಳು. ಮಗಳೂ ಇಲ್ಲೇ ಇದ್ದಾಳೆ."

ಎದ್ದು ನಿಂತು ಹೇಳಿದೆ. ಪಕ್ಕದ ರೂಮಿನ ಮಾತೂ ನಿಂತುಹೋಯಿತು. ನೀವು ಕೆಲಸದಲ್ಲೇ ಇದ್ದಿರಿ ಎಂದು ಹೇಳಿದೆ ಮೋನಾಕ. ಫೋನಿಟ್ಟು ತಿರುಗಿ ನೋಡಿದರೆ ನಿಮ್ಮ ಮಂಚದಲ್ಲಿ ಮುಸುಕು ಹೊದ್ದು ಯಾರೂ ಮಲಗಿರಲಿಲ್ಲ.

ನಿಮ್ಮ
ಸುಂದರ