ನೂರು ಎಣಿಸುವ ತನಕ

ಸೆಪ್ಟೆಂಬರ್ 1, ಭಾನುವಾರ

ಕೋವಿಗೆ ಎಣ್ಣೆ. ಬೂಟಿಗೆ ಮೇಣ. ಥರ್ಮಸ್ಸಿನ ಮುಚ್ಚಳ ಮತ್ತೆ ಸೋರುತ್ತಿದೆ. ಹೊಸದು ತರುತ್ತೇನೆ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ. ನಾಳೆ ಎಲ್ಕ್ ಬೇಟೆ ಶುರು, ಕುದುರೆಯೆತ್ತರದ ಆ ಕಾಡುಜಿಂಕೆಗಳದು.

ಸಂಜೆ ಶೆಡ್ಡಿನಲ್ಲಿ ಸೇರಿದೆವು, ಒಂಬತ್ತು ಜನ. ಈ ಸಲ ನಮ್ಮ ತಂಡಕ್ಕೆ ಹೊಡೆಯಲು ಅನುಮತಿ ಸಿಕ್ಕಿದ್ದು ಒಂದು ಗಂಡು, ಒಂದು ಹೆಣ್ಣು, ಎರಡು ಕರು. ಕಾದು ಕೂರುವ ಅಟ್ಟಣೆಗಳಿಗೆ ಚೀಟಿ ಎತ್ತಿದೆವು. ನನಗೆ ಏಳನೆಯದು, ಜೌಗಿನ ಪಕ್ಕದ್ದು. ಆಮೇಲೆ ವಾಡಿಕೆಯಂತೆ ನನ್ನ ಭಾಷಣ. ನಾಯಕನಾಗಿ ಇಪ್ಪತ್ತೆರಡನೆಯ ಸಲ. ಗಾಳಿ ನೋಡಿ ಕೂರಿ. ಈಡು ಬಿದ್ದ ಕೂಡಲೇ ಇಳಿದು ಓಡಬೇಡಿ. ಎಲ್ಲಕ್ಕಿಂತ ಮುಖ್ಯ — ಕರು ಮೊದಲು, ತಾಯಿ ಆಮೇಲೆ. ಹೆಣ್ಣು ಒಂಟಿಯಾಗಿ ಕಂಡರೆ ನೂರು ಎಣಿಸಿ. ಕರು ಹಿಂದೆ ನಿಧಾನವಾಗಿ ಬರುತ್ತದೆ. ಕೆಲವಕ್ಕೆ ಅವಳಿ ಇರುತ್ತವೆ. ತಾಯಿ ಸತ್ತರೆ ಕರು ಈ ಊರಿನ ಹಿಮ ದಾಟುವುದಿಲ್ಲ...

ಹಿಲ್ಡಿಂಗ್ ಆಕಳಿಸಿದ. ನಮ್ಮಲ್ಲಿ ಹಿರಿಯ, ಎಂಬತ್ತೊಂದು. “ನಾಯಕರ ಭಾಷಣದಲ್ಲೇ ಅರ್ಧ ಎಲ್ಕ್ ಸತ್ತು ಹೋದ್ವು. ಕಾಫಿ ಕೊಡ್ರೋ” ಎಂದ.

ಇಂಗೇಲಾ ನಗಲಿಲ್ಲ. ಕಳೆದ ವರ್ಷ ಕರು ಬಿಟ್ಟು ತಾಯಿಯನ್ನು ಹೊಡೆದವಳು ಅವಳೇ. ಆ ಕ್ಷಣವೇ ರೇಡಿಯೋದಲ್ಲಿ ಅಳುತ್ತ ಹೇಳಿದಳು. ನಾಯಿ ಬಿಟ್ಟೆವು, ಒಂದು ಗಂಟೆಯಲ್ಲಿ ಕರು ಸಿಕ್ಕಿತು, ಹಸಿದು ಸಾಯದಂತೆ ಅದನ್ನೂ ಹೊಡೆದು ಮುಗಿಸಿದೆವು. ಆದರೂ ಎಲ್ಲರೆದುರು ಕೇಳಿದ್ದೆ — “ಕಣ್ಣೇನು ಶೋಕಿಗೆ ಇಟ್ಕೊಂಡಿದೀಯಾ?” ಮುಂದಿನ ಸೀಸನ್ ಪೂರ್ತಿ ಅಟ್ಟಣೆ ಇಲ್ಲ, ನಾಯಿಯ ಹಗ್ಗ ಹಿಡಿ, ಚೂರಿ ಹಿಡಿ ಎಂದೆ. ಹಿಡಿದಿದ್ದಾಳೆ. ನಿಯಮ ಎಂದರೆ ನಿಯಮ.

ಸೆಪ್ಟೆಂಬರ್ 2, ಸೋಮವಾರ. ಬೆಳಗ್ಗೆ 5.10

ಅಟ್ಟಣೆಯ ಮೇಲೆ. ಮಂಜು. ಗಾಳಿ ಜೌಗಿನಿಂದ ನನ್ನ ಕಡೆಗೆ. ಒಳ್ಳೆಯದು. ಎರಡು ವರ್ಷದಿಂದ ನನ್ನ ಕೋವಿಗೆ ಏನೂ ಬಿದ್ದಿಲ್ಲ. ನಾಯಕ ಸಿಕ್ಸ್ಟೆನ್‌ಗೆ ವಯಸ್ಸಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳದಿದ್ದರೆ ಕೇಳಿಸುವುದಿಲ್ಲವೇ?

7.40

ಬಿತ್ತು. ಹೆಣ್ಣು. ಎಂಬತ್ತು ಮೀಟರ್, ಒಂದೇ ಈಡು. ಒಂಟಿಯಾಗಿತ್ತು.

ರಾತ್ರಿ

ಬೆಳಗ್ಗೆ ಬರೆದದ್ದು ಸುಳ್ಳು. ಈ ಪುಸ್ತಕಕ್ಕೂ ಸುಳ್ಳು ಹೇಳಿದೆನಲ್ಲ!

ಎಣಿಸುತ್ತಿದ್ದೆ. ಮೂವತ್ತನಾಲ್ಕಕ್ಕೆ ಅದು ತಲೆ ತಿರುಗಿಸಿತು. ಹೋಗಿಬಿಡುತ್ತದೆ ಅನ್ನಿಸಿತು. ಹೊಡೆದೆ. ಬಿದ್ದ ಮೇಲೆ ಪೊದೆಯಲ್ಲಿ ಎರಡು ಕಿವಿ. ಕರು. ತಾಯಿ ಬಿದ್ದಲ್ಲಿಗೆ ಬಂದು ಮೂಸಿತು, ನನ್ನ ಕಡೆ ನೋಡಿತು, ಓಡಿತು. ಅಷ್ಟರಲ್ಲಿ ರೇಡಿಯೋ. ಹಿಲ್ಡಿಂಗ್. “ಒಂಟಿನಾ? ಕರು ಇಲ್ವಾ?”

“ಒಂಟಿ” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಇದೆ ಎಂದಿದ್ದರೆ ಇಂಗೇಲಾ ಬಾಲ್ಡರ್‌ನನ್ನು ಬಿಡುತ್ತಿದ್ದಳು. ಆ ನಾಯಿಯ ಮೂಗಿಗೆ ಒಂದು ಗಂಟೆ ಸಾಕಿತ್ತು.

ಹೊಟ್ಟೆ ಸೀಳಲು ಬಂದವಳು ಇಂಗೇಲಾ. ಮಂಡಿಯೂರಿ, ತೋಳು ಮಡಚಿ. ಕೆಚ್ಚಲಿನ ಹತ್ತಿರ ಅವಳ ಕೈ ನಿಂತಿತು. ಹೆಬ್ಬೆರಳಿನಿಂದ ಒತ್ತಿದಳು. ಹಾಲು. ಬಿಳಿ ಹನಿ, ಬೆರಳುದ್ದಕ್ಕೂ ಇಳಿಯಿತು. ನನ್ನನ್ನು ನೋಡಿದಳು. ನಾನು ಬೂಟು ನೋಡಿದೆ.

“ಏನಿದ್ಯೇ ಅಲ್ಲಿ?” ಹಿಲ್ಡಿಂಗ್ ಹಿಂದಿನಿಂದ.

“ಏನಿಲ್ಲ. ಕೊಬ್ಬು ಚೆನ್ನಾಗಿದೆ” ಎಂದು ಕೈಯನ್ನು ಪಾಚಿಗೆ ಒರೆಸಿದಳು.

ಯಾಕೆ ಹೇಳಲಿಲ್ಲ ಅವಳು? ಹೇಳಿದ್ದರೆ ಈ ಹೊತ್ತಿಗೆ ಮುಗಿದಿರುತ್ತಿತ್ತು.

ಸೆಪ್ಟೆಂಬರ್ 3, ಮಂಗಳವಾರ

ಚೀಟಿ ಎತ್ತಲಿಲ್ಲ. ಏಳನೆಯದು ನನಗೇ ಇರಲಿ ಎಂದೆ. “ನಾಯಕರಿಗೆ ಆ ಜೌಗಿನ ಮೇಲೆ ಪ್ರೀತಿ ಹುಟ್ಟಿದೆ” ಎಂದ ಹಿಲ್ಡಿಂಗ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದು ಬರುತ್ತದೆ ಎಂದು ಗೊತ್ತಿತ್ತು. ತಾಯಿಯನ್ನು ಕೊನೆಗೆ ಕಂಡ ಜಾಗಕ್ಕೆ ಕರು ಬಂದೇ ಬರುತ್ತದೆ. 6.15ಕ್ಕೆ ಬಂತು. ರಕ್ತ ಒಣಗಿದ ಪಾಚಿಯ ಮೇಲೆ ಮೂಗಿಟ್ಟು ನಿಂತಿತು. ಅರವತ್ತು ಮೀಟರ್. ಕುರುಡನೂ ಹೊಡೆದಾನು.

ಕೋವಿ ಎತ್ತಿದೆ. ಈಡು ಕೇಳಿದರೆ ರೇಡಿಯೋ ಕೇಳುತ್ತದೆ. ಏನು ಹೊಡೆದೆ, ಎಲ್ಲಿ ಹೊಡೆದೆ. ನಿನ್ನೆ ಹೆಣ್ಣು ಬಿದ್ದ ಜಾಗದಲ್ಲೇ ಇವತ್ತು ಒಂಟಿ ಕರು! ಮಗುವಿಗೂ ಲೆಕ್ಕ ಸಿಗುತ್ತದೆ.

ಕೋವಿ ಇಳಿಸಿದೆ. ಕರು ಒಂದು ಸಲ ಕೂಗಿತು. ತೆಳ್ಳಗೆ. ಆಮೇಲೆ ಹೋಯಿತು.

ನನ್ನ ಮರ್ಯಾದೆ ಉಳಿಯಿತು. ಥೂ.

ಸೆಪ್ಟೆಂಬರ್ 4, ಬುಧವಾರ

ಬರಲಿಲ್ಲ. ಕಾಗೆಗಳು ಮಾತ್ರ.

ಹೊರಡುವಾಗ ಅಟ್ಟಣೆಯ ಕೆಳಗೆ ಇಂಗೇಲಾ. ಬಾಲ್ಡರ್ ಅವಳ ಕಾಲ ಬಳಿ ಕೂತು ಜೌಗಿನ ಕಡೆಗೇ ಮೂಗು ಚಾಚಿದ್ದ.

“ಬಿಡ್ಲಾ ಇವನ್ನ?” ಎಂದಳು. “ನೀನು ಹೂಂ ಅಂದ್ರೆ ಸಾಕು.”

“ಯಾಕೆ?”

“ಯಾಕೆ ಅಂತ ನಂಗೊತ್ತು, ನಿಂಗೂ ಗೊತ್ತು.”

“ಹಾಗಾದ್ರೆ ನೀನೇ ಹೋಗಿ ಎಲ್ರಿಗೂ ಸಾರು. ಆಸೆ ತೀರ್ಲಿ.”

ಬಾಲ್ಡರ್‌ನ ಹಗ್ಗ ಕೈಗೆ ಸುತ್ತಿಕೊಂಡಳು. “ನಾನು ಹೇಳಿದ್ರೆ ಸೇಡು ತೀರಿಸ್ಕೊಂಡ್ಲು ಅಂತಾರೆ. ನೀನೇ ಹೇಳ್ಬೇಕು ಸಿಕ್ಸ್ಟೆನ್. ಶನಿವಾರದಿಂದ ಹಿಮ ಅಂತೆ.” ನಾಯಿಯನ್ನು ಎಳೆದುಕೊಂಡು ಹೋದಳು. ಅದು ಹಿಂತಿರುಗಿ ಹಿಂತಿರುಗಿ ನೋಡುತ್ತಿತ್ತು.

ಅವಳ ಮೇಲೆ ಸಿಟ್ಟು ಬಂತು. ನಿಜ ಬರೆಯುತ್ತೇನೆ, ನನ್ನ ಮೇಲಲ್ಲ, ಅವಳ ಮೇಲೆ.

ಸೆಪ್ಟೆಂಬರ್ 7, ಶನಿವಾರ

ಎರಡು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಕೂತೆ, ಕರು ಬರಲಿಲ್ಲ, ಮನೆಗೆ ಬಂದೆ.

ಇವತ್ತು ನೆಲ ಬೆಳ್ಳಗಾಗಿದೆ. ಮೊದಲ ಹಿಮ, ಇಷ್ಟು ಬೇಗ. ಶೆಡ್ಡಿನಲ್ಲಿ ಮಾಂಸ ಕತ್ತರಿಸುತ್ತಿದ್ದೆವು — ನನ್ನ ಹೆಣ್ಣಿನದೇ. ಅಂಚೆಯವಳು ವ್ಯಾನ್ ನಿಲ್ಲಿಸಿ ಹೇಳಿದಳು, ಹುಲ್ಲಿನ ಹೊರೆಗಳ ಹತ್ತಿರ ಒಂದು ಎಲ್ಕ್ ಕರು ಅಲೆಯುತ್ತಿದೆಯಂತೆ. ಪಕ್ಕೆಲುಬು ಕಾಣುತ್ತಿವೆಯಂತೆ. ಕಾರಿಗೂ ಹೆದರುವುದಿಲ್ಲವಂತೆ.

ಹಿಲ್ಡಿಂಗ್ ಚೂರಿ ಕೆಳಗಿಟ್ಟ. “ಯಾವ ಕಟುಕ ನನ್ಮಗ ಮಾಡಿದ ಕೆಲಸ ಇದು? ಹೊಳೆಯಾಚೆ ತಂಡದವರಾ?”

ಯಾರೋ ನಕ್ಕರು. “ಅಷ್ಟು ದೂರ ಯಾಕೆ ಹೋಗ್ತೀಯ? ಇಂಗೇಲಾ, ಮತ್ತೆ ಕದ್ದು ಏನಾದ್ರೂ ಹೊಡೆದ್ಯಾ?”

ಶೆಡ್ಡೆಲ್ಲ ನಗು. ಇಂಗೇಲಾ ಮೂಳೆಯಿಂದ ಮಾಂಸ ಬಿಡಿಸುತ್ತಲೇ ಇದ್ದಳು. ಕಿವಿ ಕೆಂಪಾಗಿದ್ದವು. ತಲೆ ಎತ್ತಿ ಒಂದೇ ಸಲ ನೋಡಿದಳು. ನಕ್ಕವನನ್ನಲ್ಲ. ನನ್ನನ್ನು.

ನನ್ನ ಬಾಯಿಯಲ್ಲಿ ಕಾಫಿ ಇತ್ತು. ನುಂಗಿದೆ. ಅಷ್ಟೇ ಮಾಡಿದ್ದು.

ಬೇಲಿಯೇ ಎದ್ದು ಹೊಲ ಮೇಯ್ದಿದೆ, ಮೇಲಿಂದ ಪಕ್ಕದ ಹಸುವನ್ನು ಬೈಯುವಾಗ ಸುಮ್ಮನೆ ನಿಂತಿದೆ. ಇಪ್ಪತ್ತೆರಡು ವರ್ಷ ಭಾಷಣ ಬಿಗಿದೆ. ತಪ್ಪು ಎಲ್ಲರಿಂದಲೂ ಆಗುತ್ತದೆ, ಆದ ಮೇಲೆ ಏನು ಮಾಡಬೇಕು ಎಂದು ಒಂದು ಸಲವೂ ಹೇಳಲಿಲ್ಲ. ಇಂಗೇಲಾಗೆ ಯಾರೂ ಹೇಳದೆಯೇ ಗೊತ್ತಿತ್ತು.

ಸೆಪ್ಟೆಂಬರ್ 8, ಭಾನುವಾರ. 5.25

ಅಟ್ಟಣೆಯ ಮೇಲೆ. ಎಲ್ಲರೂ ಅವರವರ ಜಾಗದಲ್ಲಿದ್ದಾರೆ. ಕೋವಿ ಇನ್ನೂ ಚೀಲದಲ್ಲೇ. ರೇಡಿಯೋ ಮಂಡಿಯ ಮೇಲೆ. ಬೆರಳು ಮುಂದೆ ಹೋಗುತ್ತಿಲ್ಲ, ಚಳಿಗೆ ಎಂದುಕೊಳ್ಳಲೇ? ಬೇಡ. ಹೆದರಿಕೆಗೆ. ಅರವತ್ತೇಳು ವರ್ಷದ ಗಂಡಸಿಗೆ ಒಂದು ಗುಂಡಿ ಒತ್ತಲು ಹೆದರಿಕೆ.

5.50

ಒತ್ತಿದೆ.

“ನಾನು ಸಿಕ್ಸ್ಟೆನ್. ಸೋಮವಾರದ ಹೆಣ್ಣು ಒಂಟಿ ಆಗಿರ್ಲಿಲ್ಲ. ಕರು ಇತ್ತು. ನಾನು ನೋಡ್ದೆ. ನೋಡಿ ಸುಳ್ಳು ಹೇಳ್ದೆ. ನಿನ್ನೆ ಅಂಚೆಯವಳು ಹೇಳಿದ್ದು ಅದೇ ಕರು. ಇಂಗೇಲಾದೇನೂ ತಪ್ಪಿಲ್ಲ.”

ರೇಡಿಯೋ ಗರಗರ ಎನ್ನುತ್ತಲೇ ಇತ್ತು. ಕೆಟ್ಟಿದೆಯೇನೋ ಎಂದು ತಿರುಗಿಸಿ ನೋಡಿದೆ.

“ಆರು ದಿನ” ಎಂದ ಹಿಲ್ಡಿಂಗ್ ಕೊನೆಗೆ. “ಆರು ದಿನ, ಸಿಕ್ಸ್ಟೆನ್.” ನಾಯಕರೇ ಅನ್ನಲಿಲ್ಲ. “ಇಳಿ ಕೆಳಗೆ. ನಿನ್ನ ನಿಯಮಾನೇ ನಿಂಗೆ. ಇಂಗೇಲಾ, ಏಳನೇದಕ್ಕೆ ನೀನು ಹತ್ತು.”

6.35

ಬಂದಳು. ಹೆಗಲಲ್ಲಿ ಅವಳ ಕೋವಿ, ಒಂದು ವರ್ಷದ ಮೇಲೆ. ಬಾಲ್ಡರ್‌ನ ಹಗ್ಗ ನನ್ನ ಕೈಗೆ ಕೊಟ್ಟಳು, ಸೊಂಟದ ಚೂರಿ ಬಿಚ್ಚಿ ಕೊಟ್ಟಳು. ಏಣಿಯ ಮೇಲೆ ಕಾಲಿಟ್ಟು ಕೇಳಿದಳು — “ಕರು ಒಂದೇನಾ?”

“ಒಂದೇ ಕಂಡಿದ್ದು.”

“ಕಂಡಿದ್ದು ಕೇಳ್ಲಿಲ್ಲ ನಾನು” ಎಂದು ಹತ್ತಿದಳು.

7.10

ಅಟ್ಟಣೆಯ ಬಲಪಕ್ಕಕ್ಕೆ, ಸ್ಪ್ರೂಸ್ ಮರದ ಬುಡದಲ್ಲಿ. ಪುಸ್ತಕ ತೊಡೆಯ ಮೇಲೆ. ಇಲ್ಲಿಂದ ಅವಳ ಬಲಗೈ, ಮುಖದ ಒಂದು ಪಕ್ಕ ಕಾಣುತ್ತದೆ, ಮುಂದಿನ ಬಯಲು ಕಾಣುತ್ತದೆ. ಬರೆಯದಿದ್ದರೆ ಉಸಿರಾಡುವುದನ್ನೂ ಮರೆಯುತ್ತೇನೆ.

ಬಾಲ್ಡರ್‌ನ ಕಿವಿ ನಿಮಿರಿದೆ. ಬೊಗಳಬೇಡ ಮಗನೇ.

ಬಂತು. ಬೆನ್ನಮೂಳೆ ಎದ್ದಿದೆ. ಅದೇ ಜಾಗ. ಹಿಮವನ್ನು ಮೂಗಿನಿಂದ ಸರಿಸುತ್ತಿದೆ. ಪಕ್ಕೆ ತಿರುಗಿಸಿ ನಿಂತಿದೆ.

ಅವಳು ಹೊಡೆಯುತ್ತಿಲ್ಲ.

ಕೋವಿ ಹೆಗಲಿಗೆ ಇದೆ. ಬೆರಳು ಟ್ರಿಗರ್‌ನಿಂದ ಹೊರಗೇ ಇದೆ. ಹೊಡಿ, ಹೊಡಿ. ಹೋಗಿಬಿಡುತ್ತದೆ. ತುಟಿ ಅಲ್ಲಾಡುತ್ತಿದೆ — ಎಣಿಸುತ್ತಿದ್ದಾಳೆ. ನಾನೂ ಎಣಿಸುತ್ತೇನೆ. ಮೂವತ್ತೆರಡು. ಮೂವತ್ತಮೂರು. ಮೂವತ್ತನಾಲ್ಕು, ನಾನು ಹೊಡೆದದ್ದು ಇಲ್ಲಿ. ಕರು ತಲೆ ಎತ್ತಿತು. ಅವಳು ಕದಲಲಿಲ್ಲ. ನಲವತ್ತು. ಐವತ್ತು. ಅರವತ್ತೊಂದು. ಅರವತ್ತೆರಡು. ಹಿಂದಿನ ಪೊದೆ ಅಲ್ಲಾಡಿತು. ದೇವರೇ, ಇನ್ನೊಂದು ಕರು. ಅವಳಿ.